ಸೂಪರ್ ಮಾರ್ಕೆಟ್ ಎದುರು ಕಾಯಿಪಲ್ಲೆ ವ್ಯಾಪಾರ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ರಾಯಚೂರಿನ ಉಸ್ಮಾನಿಯಾ ಮಾರುಕಟ್ಟೆಯಂಥ ಕಡೆ ಕಾಯಿಪಲ್ಲೆ ಮಾರುವವರು ಸೂಪರ್ ಮಾರ್ಕೆಟ್‌ಗಳ ಪೈಪೋಟಿ ಎದುರಿಸಲು ಮೊದಲು ಮಾಡಬೇಕಾದುದು ದರ ಇಳಿಸುವುದಲ್ಲ, ವಾರಕ್ಕೊಮ್ಮೆ ಅಲ್ಲಿಗೇ ಹೋಗಿ ದರ ಬರೆದುಕೊಂಡು ಬರುವುದು. ಗಿರಾಕಿಯನ್ನು ಒಳಗೆ ಸೆಳೆಯಲೆಂದೇ ಉಳ್ಳಾಗಡ್ಡಿ, ಆಲೂಗಡ್ಡೆಗಳನ್ನು ಅಲ್ಲಿ ಅಸಲಿಗೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ ಮಾರುವುದುಂಟು. ಅವುಗಳಲ್ಲಿ ಹಟಕ್ಕೆ ಬಿದ್ದರೆ ಕರಗುವುದು ನಿಮ್ಮ ಬಂಡವಾಳ. ಪುಂಡಿಪಲ್ಲೆ, ರಾಜಗಿರಿ, ಜವಾರಿ ಬದನೆಕಾಯಿಗಳ ಮಾತು ಬೇರೆ. ಸುತ್ತಲಿನ ಹಳ್ಳಿಯ ಒಬ್ಬಿಬ್ಬರು ರೈತರೊಂದಿಗೆ ನೇರವಾಗಿ ಮಾತನಾಡಿಕೊಂಡರೆ, ನಸುಕಿನಲ್ಲಿ ಕಿತ್ತ ಪುಂಡಿಪಲ್ಲೆಯ ಸೂಡು, ಬೇರಿನ ಮಣ್ಣು ಆರುವ ಮೊದಲೇ ನಿಮ್ಮ ಬುಟ್ಟಿಯಲ್ಲಿರುತ್ತದೆ.

ಎರಡನೆಯದು ಅಸಲಿನ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಸವಾಲಿನಲ್ಲಿ, ಅಂದರೆ ಮಾರುಕಟ್ಟೆಯ ಹರಾಜಿನಲ್ಲಿ, 20 ಕಿಲೋ ಟೊಮೆಟೊ 400 ರೂಪಾಯಿಗೆ ಸಿಕ್ಕಿ, ಆಟೊ ಮತ್ತು ಹಮಾಲಿಗೆ 40 ರೂಪಾಯಿ ಹೋಯಿತೆನ್ನಿ. ಕಿಲೋಗೆ 22 ಬಿತ್ತು ಎಂದುಕೊಳ್ಳುತ್ತೇವೆ. ಆದರೆ 3 ಕಿಲೋ ಒಡೆದು ಕೊಳೆತರೆ ಮಾರಲು ಉಳಿಯುವುದು 17 ಕಿಲೋ, ಆಗ ಅಸಲು ಸುಮಾರು 26 ರೂಪಾಯಿ. ಆದ್ದರಿಂದ ರಾತ್ರಿ ಎಸೆಯುವ ಮಾಲನ್ನೂ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾಳೆ ಎಷ್ಟು ತರಬೇಕೆಂಬುದು ಆ ಪುಟದಿಂದಲೇ ತಿಳಿಯುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಸೊಪ್ಪನ್ನು ಒದ್ದೆ ಗೋಣಿಚೀಲದಡಿ ಇಡಬೇಕು, ಉಳ್ಳಾಗಡ್ಡಿಗೆ ಮಾತ್ರ ನೀರು ಸೋಕಿಸಬಾರದು. ಮನೆಯ ಹಿಂದೆ ನೆರಳಿದ್ದರೆ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಶೀತಕೋಣೆಯನ್ನು ಕಟ್ಟಿಕೊಳ್ಳಬಹುದು: ಇಟ್ಟಿಗೆಯ ಜೋಡಿ ಗೋಡೆ, ನಡುವೆ ಸುಮಾರು 7.5 ಸೆಂ.ಮೀ. ಮರಳು, ಮೇಲೊಂದು ಮುಚ್ಚಳ. ಬೆಳಿಗ್ಗೆ ಸಂಜೆ ಮರಳನ್ನು ನೆನೆಸಿದರೆ ಸಾಕು, ಕರೆಂಟ್ ಬೇಕಿಲ್ಲ.

ತೂಕದ ಯಂತ್ರಕ್ಕೆ ಮುದ್ರೆ ಹಾಕಿಸುವುದು, ದರದ ಹಲಗೆ ತೂಗುಹಾಕುವುದು, ಕ್ಯೂಆರ್ ಕೋಡ್ ಇಡುವುದು ಒಂದೆರಡು ದಿನದ ಕೆಲಸ. ಬೀದಿ ಬದಿಯ ವ್ಯಾಪಾರಿಗಳು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಮಾರಾಟ ಪ್ರಮಾಣಪತ್ರ ಮಾಡಿಸಿಕೊಂಡಿದ್ದರೆ ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ಸ್ವನಿಧಿ ಯೋಜನೆಯ ಸಾಲಕ್ಕೂ ದಾರಿಯಾಗುತ್ತದೆ. 2025ರ ಪರಿಷ್ಕರಣೆಯ ನಂತರ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿವರೆಗೆ ಇದೆ.

ಇನ್ನು ಕೊಸರು, ಅಂದರೆ ತೂಕದ ಮೇಲೆ ಪುಕ್ಕಟೆ ಹಾಕಿಕೊಡುವುದು. ಬಿಲ್ ಹೊಡೆಯುವ ಯಂತ್ರಕ್ಕೆ ಕೊಸರು ಹಾಕಲು ಬಾರದು, ಆದ್ದರಿಂದ ಅದನ್ನು ನಿಲ್ಲಿಸಬೇಡಿ. ಆದರೆ ಕೈತುಂಬ ಕೊಟ್ಟ ಕರಿಬೇವು, ಕೊತ್ತಂಬರಿಯ ಖರ್ಚನ್ನೂ ಅದೇ ನೋಟ್‌ಬುಕ್ಕಿನಲ್ಲಿ ಅಸಲಿಗೆ ಸೇರಿಸಿ ಬರೆಯಿರಿ.