ಕೇಬಲ್ ಟೈನ ತಲೆಯೊಳಗಿನ ನಾಲಿಗೆ: ಮೋಲ್ಡ್ ಮಾಡಿದವನ ಅನುಭವ

ಪೀಣ್ಯದ ಒಂದು ಟೂಲ್ ರೂಮ್‌ನಲ್ಲಿ ನಾನು ಪ್ಲಾಸ್ಟಿಕ್ ಮೋಲ್ಡ್, ಅಂದರೆ ಕರಗಿದ ಪ್ಲಾಸ್ಟಿಕ್‌ಗೆ ಆಕಾರ ಕೊಡುವ ಸ್ಟೀಲ್ ಅಚ್ಚು, ಡಿಸೈನ್ ಮಾಡುತ್ತೇನೆ. ಓದಿದ್ದು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ), ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. ಡಬ್ಬಿ ಮುಚ್ಚಳ, ಸ್ವಿಚ್ ಬಾಕ್ಸ್, ಮಿಕ್ಸಿ ಹಿಡಿಕೆ, ಹೀಗೆ ಏನೇನೋ ಕೆಲಸ ಬರುತ್ತವೆ. ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಕೇಬಲ್ ಟೈ, ಅಂದರೆ ವೈರ್‌ಗಳನ್ನು ಒಟ್ಟಿಗೆ ಬಿಗಿದು ಕಟ್ಟುವ ಪ್ಲಾಸ್ಟಿಕ್ ಪಟ್ಟಿ. ಉದ್ದ 200 ಮಿ.ಮೀ., ಅಗಲ 4.8 ಮಿ.ಮೀ. ಗ್ರಾಹಕರು ಕೇಳಿದ್ದು ಈ ಅಗಲಕ್ಕೆ ಮಾರ್ಕೆಟ್‌ನಲ್ಲಿ ಎಲ್ಲರೂ ಕೊಡುವ ತಾಕತ್ತನ್ನೇ: ಸುತ್ತು ಹಾಕಿ ಜಗ್ಗಿದರೆ 22 ಕೆಜಿ ತಡೆಯಬೇಕು.

ಡ್ರಾಯಿಂಗ್ ನೋಡಿದವರಿಗೆ ಇದರಲ್ಲೇನಿದೆ ಅನ್ನಿಸುತ್ತದೆ. ಒಂದು ಪಟ್ಟಿ, ಒಂದು ತಲೆ, ತಲೆಯಲ್ಲೊಂದು ತೂತು, ತೂತಿನೊಳಗೆ ಹಲ್ಲಿರುವ ಪುಟ್ಟ ನಾಲಿಗೆ. ಕಷ್ಟವೆಲ್ಲ ಇರುವುದು ಆ ನಾಲಿಗೆಯಲ್ಲಿ. ಬೆರಳಲ್ಲಿ ತಳ್ಳಿದರೆ ಪಟ್ಟಿ ಸಲೀಸಾಗಿ ಒಳಗೆ ಹೋಗಬೇಕು. ವಾಪಸ್ ಜಗ್ಗಿದರೆ ಒಂದು ಹಲ್ಲೂ ಜಾರಬಾರದು. ಮೆತ್ತಗೆ ಮಾಡಿದರೆ ಮೊದಲನೆಯದು ಸಿಗುತ್ತದೆ, ಗಟ್ಟಿ ಮಾಡಿದರೆ ಎರಡನೆಯದು. ಎರಡೂ ಒಟ್ಟಿಗೆ ಬೇಕು.

ಹಲ್ಲು ದೊಡ್ಡದಾದರೆ ಹಿಡಿತ ಜಾಸ್ತಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಹಿಡಿತ ಇರುವುದು ನಾಲಿಗೆಯ ಓರೆಯಲ್ಲಿ. ನಾಲಿಗೆಯ ಬುಡ ತಲೆಯ ಒಳಗೋಡೆಗೆ, ಪಟ್ಟಿ ಒಳಬರುವ ಬಾಯಿಯ ಹತ್ತಿರ ಅಂಟಿರುತ್ತದೆ. ತುದಿ ಹೊರಬಾಯಿಯ ಕಡೆಗೆ ಓರೆಯಾಗಿ ಚಾಚಿರುತ್ತದೆ. ಪಟ್ಟಿ ಒಳಗೆ ನುಗ್ಗುವಾಗ ತುದಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಪಟ್ಟಿ ವಾಪಸ್ ಹೊರಟಿತೋ, ಅದರ ಹಲ್ಲು ನಾಲಿಗೆಯ ಹಲ್ಲಿಗೆ ಸಿಕ್ಕಿ, ನಾಲಿಗೆ ಬಾಗಿಲಿಗೆ ಓರೆಯಾಗಿ ಆನಿಸಿದ ದೊಣ್ಣೆಯ ಹಾಗೆ ನಿಲ್ಲುತ್ತದೆ. ಜಗ್ಗಿದಷ್ಟೂ ಪಟ್ಟಿಯನ್ನು ಎದುರಿನ ಗೋಡೆಗೆ ಒತ್ತುತ್ತದೆ. ಅಂದರೆ ಬಿಗಿ ಕೊಡುವುದು ಜಗ್ಗುವ ಬಲವೇ.

ಓರೆ ಕಡಿಮೆಯಾಗಿ ನಾಲಿಗೆ ಪಟ್ಟಿಯ ಪಕ್ಕಕ್ಕೇ ಮಲಗಿಬಿಟ್ಟರೆ ಒತ್ತಡ ಸಾಲದು, ಹಲ್ಲಿನ ಮೇಲೆ ಹಲ್ಲು ಹತ್ತಿ ಜಾರುತ್ತದೆ. ಓರೆ ಜಾಸ್ತಿಯಾದರೆ ನಾಲಿಗೆ ಮಗುಚಿ ಒಳಬಾಯಿಯಿಂದ ಹೊರಗೆ ಇಣುಕುತ್ತದೆ. ದಾರಿ ಅಗಲವಾಗಿದ್ದರೂ ಇದೇ ಗತಿ. ಅದಕ್ಕೇ ಪಟ್ಟಿಯ ದಪ್ಪಕ್ಕೂ ತೂತಿನ ಅಗಲಕ್ಕೂ ನಡುವಿನ ಸಡಿಲವನ್ನು ನಾನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿದೆ. ಹಲ್ಲಿನ ಆಕಾರ ಆಮೇಲೆ.

ಇನ್ನು ನಾಲಿಗೆಯ ಬುಡ, ಅಂದರೆ ಅದು ಬಾಗುವ ಜಾಗ. ಇದಕ್ಕೆ ಭಾರ ಹೊರಿಸಲೇಬಾರದು ಅನ್ನುವುದು ಈ ಕೆಲಸದಲ್ಲಿ ನಾನು ಬಿಡದೆ ಹಿಡಿದುಕೊಂಡ ಮಾತು. ಬುಡವನ್ನು 0.45 ಮಿ.ಮೀ.ಗೆ ತೆಳ್ಳಗೆ ಮಾಡಿದೆ, ಪಟ್ಟಿ ಹಗುರವಾಗಿ ಒಳಗೆ ಹೋಗಲಿ ಅಂತ. ಇಷ್ಟು ತೆಳ್ಳಗಿನದು 22 ಕೆಜಿ ಹೇಗೆ ಹೊರುತ್ತದೆ? ಹೊರುವುದಿಲ್ಲ. ನಾಲಿಗೆಯ ಹಿಮ್ಮಡಿಯ, ಅಂದರೆ ಬುಡದ ಪಕ್ಕದ ದಪ್ಪ ಭಾಗದ, ಕೆಳಗೆ ತಲೆಯಲ್ಲೇ ಒಂದು ಸಣ್ಣ ಮೆಟ್ಟಿಲು ಕೊಟ್ಟಿದ್ದೇನೆ. ಜಗ್ಗಿದಾಗ ತೆಳು ಬುಡ ಸ್ವಲ್ಪ ಕುಗ್ಗಿ, ಹಿಮ್ಮಡಿ ಮೆಟ್ಟಿಲ ಮೇಲೆ ಕೂರುತ್ತದೆ. ಅಲ್ಲಿಂದ ಭಾರವೆಲ್ಲ ತಲೆಯ ದಪ್ಪ ಗೋಡೆಗೆ. ಆ ಮೆಟ್ಟಿಲು ಇಲ್ಲದ ಅಗ್ಗದ ಟೈಗಳನ್ನು ಬಿಚ್ಚಿ ನೋಡಿದ್ದೇನೆ. ಬುಡವನ್ನೇ ದಪ್ಪ ಮಾಡಿರುತ್ತಾರೆ. ತಳ್ಳಿ ತಳ್ಳಿ ಎಲೆಕ್ಟ್ರಿಷಿಯನ್ ಹೆಬ್ಬೆರಳು ಕೆಂಪಗಾಗುತ್ತದೆ, ಅಷ್ಟೇ ಲಾಭ.

ಹಲ್ಲಿನ ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರ, 1.2 ಮಿ.ಮೀ. ಇಟ್ಟೆ. ಇನ್ನೂ ಸಣ್ಣದು ಯಾಕೆ ಮಾಡಲಿಲ್ಲ ಅಂತ ಕೇಳಬಹುದು. ಹಲ್ಲಿರುವ ಯಾವ ಟೈ ಆದರೂ ಬಿಟ್ಟ ತಕ್ಷಣ ಹಿಂದಿನ ಹಲ್ಲಿಗೆ ಕೂರುವವರೆಗೆ ಒಂದಿಷ್ಟು ಸಡಿಲ ಬಿಡುತ್ತದೆ, ಹೆಚ್ಚೆಂದರೆ ಒಂದು ಪಿಚ್. ಸುತ್ತಳತೆಯಲ್ಲಿ 1.2 ಮಿ.ಮೀ. ಅಂದರೆ ವ್ಯಾಸದಲ್ಲಿ ಸುಮಾರು 0.4 ಮಿ.ಮೀ. ದಪ್ಪ ಕಟ್ಟಿಗೆ ಇದು ಲೆಕ್ಕಕ್ಕಿಲ್ಲ. ಎರಡು ಮೂರು ತೆಳು ವೈರ್ ಕಟ್ಟಿದರೆ ಮಾತ್ರ ಗೊತ್ತಾಗುತ್ತದೆ. ಪಿಚ್ ಇಳಿಸಿದರೆ ಹಲ್ಲಿನ ಎತ್ತರವೂ ಇಳಿಯುತ್ತದೆ, ಹಿಡಿತ ಹೋಗುತ್ತದೆ.

ಈ ಸಡಿಲವೇ ಬೇಡ ಅನ್ನುವವರಿಗೆ ಹಳೆಯ ದಾರಿಯೊಂದಿದೆ. ಕೇಬಲ್ ಟೈ ಶುರುವಾದದ್ದೇ ಹೆಚ್ಚುಕಮ್ಮಿ ಅದರಿಂದ. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ 1956ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಗೆ ಹೋಗಿದ್ದರು. ಅಲ್ಲಿ ಸಾವಿರಾರು ವೈರ್‌ಗಳನ್ನು ಮೇಣ ಹಚ್ಚಿದ ನೈಲಾನ್ ದಾರದಲ್ಲಿ ಕೈಯಿಂದಲೇ ಗಂಟು ಹಾಕಿ ಕಟ್ಟುತ್ತಿದ್ದರು. ಬಿಗಿಯಾಗಿ ಎಳೆದು ಎಳೆದು ಬೆರಳು ಕುಯ್ದುಹೋಗುತ್ತಿತ್ತು. ಲೋಗನ್ 1958ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಟೈ-ರ‍್ಯಾಪ್ ಹೆಸರಿನಲ್ಲಿ ಬಂದ ಆ ಟೈನ ತಲೆಯೊಳಗೆ ಲೋಹದ ಪುಟ್ಟ ಹಲ್ಲು ಇತ್ತು. ಸ್ಟೀಲ್ ಹಲ್ಲಿನ ಟೈಗಳು ಈಗಲೂ ಸಿಗುತ್ತವೆ. ಪಟ್ಟಿ ನುಣ್ಣಗಿರುತ್ತದೆ, ಸ್ಟೀಲ್ ಹಲ್ಲು ಎಲ್ಲಿ ಬೇಕಾದರೂ ಕಚ್ಚುತ್ತದೆ. ಪಿಚ್ ಅನ್ನುವ ಗೋಳೇ ಇಲ್ಲ. ಆದರೆ ಪ್ರತಿ ಟೈಗೂ ಸ್ಟೀಲ್ ಚೂರು ಕೂರಿಸುವುದು ಇನ್ನೊಂದು ಕೆಲಸ. ನಮ್ಮ ಗ್ರಾಹಕರ ರೇಟಿಗೆ ಅದು ಹೊಂದುವುದಿಲ್ಲ. ಪೂರ್ತಿ ನೈಲಾನ್ ಅಂತಲೇ ತೀರ್ಮಾನವಾಯಿತು.

ಕಾಗದದ ಮೇಲೆ ನಾಲಿಗೆ ಬರೆಯುವುದು ಬೇರೆ, ಸ್ಟೀಲ್‌ನಿಂದ ಅದನ್ನು ಹೊರಗೆ ತೆಗೆಯುವುದು ಬೇರೆ. ಮೋಲ್ಡ್ ಒಳಗೆ ನಾಲಿಗೆಯ ಒಂದು ಬದಿಗೆ ಹಲ್ಲು ಕೊಡುವ ಸ್ಟೀಲ್ ಪಿನ್, ಇನ್ನೊಂದು ಬದಿಗೆ ನಾಲಿಗೆಗೂ ಗೋಡೆಗೂ ನಡುವೆ ಸಂದು ಕೊಡುವ ಪಿನ್, ಇವೆರಡರ ನಡುವೆ ನೈಲಾನ್. ನಮ್ಮ ಫಿಟ್ಟರ್ ಡ್ರಾಯಿಂಗ್ ನೋಡಿದವರೇ, "ಸಾರ್, ಇದು ಮೋಲ್ಡ್ ಒಳಗೇ ಲಾಕ್ ಆಗಿಬಿಡುತ್ತೆ ಅಲ್ವಾ?" ಅಂದರು. ಸರಿಯಾದ ಪ್ರಶ್ನೆ. ಹಲ್ಲಿನ ಪಿನ್ನನ್ನು ಪಟ್ಟಿ ನುಗ್ಗುವ ದಿಕ್ಕಿನಲ್ಲೇ ಎಳೆಯಬೇಕು. ಉಲ್ಟಾ ಎಳೆದರೆ ನಾಲಿಗೆ ತನ್ನ ಕೆಲಸ ಅಲ್ಲೇ ಶುರು ಮಾಡಿ ಪಿನ್ನನ್ನು ಕಚ್ಚಿಕೊಳ್ಳುತ್ತದೆ. ದಿಕ್ಕು ಸರಿಯಿದ್ದರೂ, ನಾಲಿಗೆ ಪಕ್ಕಕ್ಕೆ ಸರಿಯಲು ಜಾಗ ಬೇಕು. ಹಾಗಾಗಿ ಸಂದಿನ ಪಿನ್ ಮೊದಲು ಹಿಂದೆ ಸರಿಯುತ್ತದೆ, ಆ ಖಾಲಿ ಜಾಗಕ್ಕೆ ನಾಲಿಗೆ ಬಾಗಿದಾಗ ಹಲ್ಲಿನ ಪಿನ್ ಬರುತ್ತದೆ. ಈ ಎರಡು ಹಂತದ ಎಳೆತಕ್ಕೇ ಮೋಲ್ಡ್‌ನ ಖರ್ಚಿನಲ್ಲಿ ದೊಡ್ಡ ಪಾಲು ಹೋಯಿತು.

ನಾವು ಬಳಸುವ ನೈಲಾನ್‌ನ ಬಗೆ ನೈಲಾನ್ 66. ಅದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗಿದರೆ ತುಂಬ ತೆಳ್ಳಗೆ ಹರಿಯುತ್ತದೆ. 200 ಮಿ.ಮೀ. ಉದ್ದದ ತೆಳು ಪಟ್ಟಿ ತುಂಬಲು ಅದು ಅನುಕೂಲ. ಪಿನ್ನುಗಳು ಸೇರುವ ಕಡೆ ಅದೇ ತೊಂದರೆ, ಕೂದಲೆಳೆ ಸಂದು ಸಿಕ್ಕರೂ ನುಗ್ಗಿ ಫ್ಲ್ಯಾಶ್, ಅಂದರೆ ಬೇಡದ ತೆಳು ಪೊರೆ, ಆಗುತ್ತದೆ. ಬೇರೆ ಕಡೆ ಫ್ಲ್ಯಾಶ್ ಅಂದರೆ ಸುಮ್ನೆ ಅಂದಗೇಡು. ನಾಲಿಗೆ ಪಕ್ಕದಲ್ಲಿ ಆದರೆ ನಾಲಿಗೆ ಗೋಡೆಗೆ ಅಂಟಿಕೊಂಡು ಅಲುಗುವುದೇ ಇಲ್ಲ. ಗೇಟ್, ಅಂದರೆ ಕರಗಿದ ಮಾಲು ಮೋಲ್ಡ್ ಒಳಗೆ ಬರುವ ಬಾಯಿ, ಇಟ್ಟದ್ದು ತಲೆಯ ಹತ್ತಿರ. ಬಿಸಿಯಾದ, ಒತ್ತಡವಿರುವ ಮಾಲು ಅಲ್ಲೇ ಬೇಕು. ಬಾಲ ಹೇಗೂ ಕಟ್ಟಿದ ಮೇಲೆ ಕತ್ತರಿಸಿ ಎಸೆಯುವ ಭಾಗ. ತೂತನ್ನು ಸುತ್ತಿ ಬಂದ ಎರಡು ಹರಿವು ಕೂಡುವ ಗೆರೆ ನಾಲಿಗೆಯ ಹಿಂದಿನ ಗೋಡೆಗೆ ಬೀಳದ ಹಾಗೆ ಗೇಟ್‌ನ ಜಾಗ ಹುಡುಕಿದೆ. ತಲೆ ಸೀಳುವುದಾದರೆ ಮೊದಲು ಸೀಳುವುದು ಆ ಗೆರೆಯಲ್ಲೇ.

ಇಷ್ಟಾದರೂ ಮೆಷಿನ್‌ನಿಂದ ಬಿಸಿಬಿಸಿ ಬಿದ್ದ ಟೈ ಉಪಯೋಗಕ್ಕೆ ಬಾರದು. ಅದಕ್ಕೆ ನೀರು ಕುಡಿಸಬೇಕು! ಮೋಲ್ಡ್‌ಗೆ ಹಾಕುವ ಮೊದಲು ನೈಲಾನ್ ಕಾಳನ್ನು ತೇವ 0.2 ಶೇಕಡಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸುತ್ತೇವೆ, ಇಲ್ಲದಿದ್ದರೆ ಮೈಮೇಲೆ ಬೆಳ್ಳಿ ಗೆರೆಗಳು. ಆದ ಮೇಲೆ ಅದೇ ನೈಲಾನ್‌ಗೆ ತೇವ ವಾಪಸ್ ಕೊಡುತ್ತೇವೆ. ಸಾಮಾನ್ಯ ಗಾಳಿಯಲ್ಲಿ ಅದು ಕೊನೆಗೆ ಸುಮಾರು 2.5 ಶೇಕಡ ನೀರು ಹಿಡಿದುಕೊಳ್ಳುತ್ತದೆ. ಒಣ ನೈಲಾನ್ ಲೆಕ್ಕದಲ್ಲಿ ಗಟ್ಟಿ, ಚದರ ಮಿ.ಮೀ.ಗೆ ಸುಮಾರು 8 ಕೆಜಿ ತಡೆಯುತ್ತದೆ. ತೇವ ಹಿಡಿದದ್ದು ಸುಮಾರು 5 ಕೆಜಿ. ಆದರೂ ತೇವದ್ದೇ ಮೇಲು. ಒಣ ನಾಲಿಗೆ ಬಾಗುವಾಗಲೇ ಚಟ್ಟನೆ ಮುರಿಯುತ್ತದೆ. ಒಣ ಹಲ್ಲು ಬಗ್ಗುವುದಿಲ್ಲವಾದ್ದರಿಂದ ಮೊದಲನೆಯದರ ಮೇಲೇ ಭಾರವೆಲ್ಲ ಬೀಳುತ್ತದೆ. ತೇವವಿದ್ದರೆ ಮೊದಲನೆಯದು ತುಸು ಬಗ್ಗಿ ಎರಡನೆಯದಕ್ಕೂ ಮೂರನೆಯದಕ್ಕೂ ಹಂಚುತ್ತದೆ. ಹಲ್ಲಿನ ಬುಡದಲ್ಲಿ ಪಟ್ಟಿಯ ದಪ್ಪ 1 ಮಿ.ಮೀ., ಅಗಲ 4.8. ತೇವದ ಲೆಕ್ಕಕ್ಕೆ 24 ಕೆಜಿ ಬರುತ್ತದೆ. ಕೇಳಿದ್ದಕ್ಕಿಂತ ಸ್ವಲ್ಪವೇ ಮೇಲೆ, ಬೇಕೆಂದೇ ಹಾಗೆ ಇಟ್ಟದ್ದು, ಭಾರ ಮಿತಿ ಮೀರಿದರೆ ನಾಲಿಗೆ ಜಾರುವ ಮೊದಲು ಪಟ್ಟಿಯೇ ಹರಿಯಲಿ ಅಂತ. ಪಟ್ಟಿ ಹರಿದರೆ ಕಣ್ಣಿಗೆ ಕಾಣುತ್ತದೆ. ನಾಲಿಗೆ ಸದ್ದಿಲ್ಲದೆ ಜಾರಿದರೆ ಪ್ಯಾನಲ್ ಒಳಗೆ ಯಾರು ನೋಡುತ್ತಾರೆ?

ಪ್ಯಾಕೆಟ್‌ಗೆ ಸ್ವಲ್ಪ ನೀರು ಹಾಕಿ ಸೀಲ್ ಮಾಡುವುದೂ ಇದಕ್ಕೇ. ಒಂದು ಅಂಗಡಿಯಿಂದ ಟೈ ಪಟಪಟ ಮುರಿಯುತ್ತವೆ ಅಂತ ದೂರು ಬಂತು. ಹೋಗಿ ನೋಡಿದರೆ ಪ್ಯಾಕೆಟ್ ಬಾಯಿ ತೆರೆದು ಬೇಸಿಗೆಯಲ್ಲಿ ಶೀಟಿನ ಮಾಡಿನ ಕೆಳಗೆ ನೇತುಹಾಕಿದ್ದರು. ಅದೇ ಟೈಗಳನ್ನು ನೀರಲ್ಲಿ ನೆನೆಹಾಕಿ ಮರುದಿನ ಎಳೆದು ತೋರಿಸಿದೆ, ಒಂದೂ ಮುರಿಯಲಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಪ್ಯಾಕೆಟ್ ಇದ್ದರೆ ಎಸೆಯಬೇಡಿ, ಇದನ್ನೇ ಮಾಡಿ. ಬಿಸಿಲಿಗೆ ಕಟ್ಟುವುದಾದರೆ ಮಾತ್ರ ಬಿಳಿಯದು ಬೇಡ, ಯುವಿ ತಡೆಯುವುದು ಅಂತ ಬರೆದಿರುವ ಕರಿಯದನ್ನೇ ತನ್ನಿ. ಅದರಲ್ಲಿ ಬಿಸಿಲು ತಡೆಯಲೆಂದೇ ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ.

ಈಗ ಅದೇ ಗ್ರಾಹಕರು ಬಿಚ್ಚಿ ಮತ್ತೆ ಕಟ್ಟುವಂಥದ್ದು ಕೇಳಿದ್ದಾರೆ. ನಾಲಿಗೆಯ ತುದಿಯನ್ನು ತಲೆಯಿಂದಾಚೆ ಚಾಚಿ ಬೆರಳಿಗೆ ಸಿಗುವ ಹಾಗೆ ಮಾಡಬೇಕು. ತುದಿ ಆಚೆ ಬರಬೇಕಾದರೆ ತಲೆಯ ಒಂದು ಗೋಡೆ ತೆರೆಯಬೇಕು, ತೆರೆದ ತಲೆ ಭಾರಕ್ಕೆ ಅಗಲವಾಗುತ್ತದೆ, ದಾರಿ ಅಗಲವಾದರೆ ನಾಲಿಗೆ ಮಗುಚುತ್ತದೆ. ಇದಕ್ಕೆ 22 ಕೆಜಿ ಕೊಡಲಾಗುವುದಿಲ್ಲ ಅಂತ ಮೊದಲೇ ಬರೆದುಕೊಟ್ಟಿದ್ದೇನೆ.