ಬತ್ತಿದ ಬೋರಿಗೆ ಮಳೆನೀರು ಕುಡಿಸುವುದು: ಚಿತ್ರದುರ್ಗ–ಜಗಳೂರು ಸೀಮೆಯ ಲೆಕ್ಕ

ಬೋರಿನ ಸುತ್ತ ಗುಂಡಿ ತೋಡಿ ಕಲ್ಲು ಸುರಿಯುವುದು ಜೆಸಿಬಿಗೆ ಅರ್ಧ ದಿನದ ಕೆಲಸ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೂಳು ಕಟ್ಟಿ, ಹುಲ್ಲು ಬೆಳೆದು, ಎಲ್ಲಿ ತೋಡಿದ್ದರೆಂದೇ ಗುರುತು ಸಿಗದ ಗುಂಡಿಗಳು ಊರೂರಲ್ಲೂ ಇವೆ. ತೋಡುವ ಮೊದಲು ಮೂರು ಲೆಕ್ಕ ಹಾಕದಿದ್ದರೆ ಹೀಗೇ ಆಗುತ್ತದೆ: ಹೊಲದಿಂದ ಎಷ್ಟು ನೀರು ಹರಿದು ಬರುತ್ತದೆ, ಬೋರು ಗಂಟೆಗೆ ಎಷ್ಟು ಕುಡಿಯುತ್ತದೆ, ಬರುವ ನೀರಿನಲ್ಲಿ ಮಣ್ಣು ಎಂಥದ್ದು.

ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಜಗಳೂರು ಎಲ್ಲ ಕಡೆ ನೆಲದಡಿ ಇರುವುದು ಗಟ್ಟಿ ಬಂಡೆ. ಮೇಲೆ ಒಂದಷ್ಟು ಅಡಿ ಸಡಿಲ ಕಲ್ಲುಮಣ್ಣು, ಕೆಳಗೆ ಬಂಡೆಯೊಳಗಿನ ಬಿರುಕುಗಳು. ಇವೆರಡನ್ನು ಬಿಟ್ಟರೆ ನೀರಿಗೆ ಇರಲು ಬೇರೆ ಜಾಗವಿಲ್ಲ. ತೆರೆದ ಬಾವಿಯ ಕಾಲದಲ್ಲಿ ಮೇಲಿನ ಪದರದ ನೀರಷ್ಟೇ ಖರ್ಚಾಗುತ್ತಿತ್ತು, ಒಂದು ಒಳ್ಳೆಯ ಹಿಂಗಾರು ಅದನ್ನು ತುಂಬಿಸುತ್ತಿತ್ತು. 700–800 ಅಡಿಯ ಬಿರುಕಿನಿಂದ ಎತ್ತಿದ ನೀರು ಹಾಗೆ ಒಂದು ಮಳೆಗಾಲಕ್ಕೆ ತುಂಬಿಕೊಳ್ಳುವುದಿಲ್ಲ. ಕೊರೆದು ಬರಿದು ಮಾಡಿದ ಅದೇ ರಂಧ್ರದಿಂದ ಮಳೆನೀರನ್ನು ಸೋಸಿ ಕೆಳಕ್ಕೆ ಕಳಿಸುವುದೇ ಕೊಳವೆಬಾವಿ ಮರುಪೂರಣ. ಇದನ್ನು ರೈತರ ನಡುವೆ ಬಳಕೆಗೆ ತಂದವರಲ್ಲಿ ಚಿತ್ರದುರ್ಗದ ಭೂಜಲತಜ್ಞ ಎನ್.ಜೆ. ದೇವರಾಜರೆಡ್ಡಿ ಅವರದು ಪ್ರಮುಖ ಹೆಸರು.

ಮೊದಲು ಮಳೆಯ ಲೆಕ್ಕ

ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ 4,047 ಲೀಟರ್. ವರ್ಷಕ್ಕೆ 600 ಮಿ.ಮೀ. ಎಂದು ಹಿಡಿದರೆ ಎಕರೆಗೆ ಸುಮಾರು 24 ಲಕ್ಷ ಲೀಟರ್ ಬೀಳುತ್ತದೆ. ಕೇಳಲು ದೊಡ್ಡ ಮೊತ್ತ, ಆದರೆ ಉತ್ತ ಹೊಲದಲ್ಲಿ ಹೆಚ್ಚಿನದು ಅಲ್ಲೇ ಇಂಗಿ, ಆರಿಹೋಗುತ್ತದೆ. ಹರಿದು ಬರುವುದು ನೂರಕ್ಕೆ 15–20 ಪಾಲು, ಅಂದರೆ ಎಕರೆಗೆ ಮೂರೂವರೆಯಿಂದ ಐದು ಲಕ್ಷ ಲೀಟರ್. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆಯೇ ಕಡಿಮೆ, ಅಲ್ಲಿ ಇದನ್ನೂ ಇಳಿಸಿಕೊಳ್ಳಿ.

ಖರ್ಚಿನ ಕಡೆ ನೋಡಿ. 9 ಅಡಿಗೊಂದರಂತೆ ಅಡಿಕೆ ಹಾಕಿದರೆ ಎಕರೆಗೆ ಸುಮಾರು 540 ಗಿಡ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೇ ಗಿಡಕ್ಕೆ ದಿನಕ್ಕೆ 18 ಲೀಟರ್ ಎಂದರೂ ದಿನಕ್ಕೆ 9,700 ಲೀಟರ್. ಆರು ತಿಂಗಳಿಗೆ 17 ಲಕ್ಷ ದಾಟಿತು. ಒಂದು ಎಕರೆ ಅಡಿಕೆಯ ನೀರನ್ನು ಭೂಮಿಗೆ ಹಿಂತಿರುಗಿಸಬೇಕಾದರೆ ನಾಲ್ಕೈದು ಎಕರೆಯ ಹರಿವು ಬೇಕು. ಎರಡೆಕರೆ ಜಮೀನು, ಅದರಲ್ಲಿ ಎರಡೆಕರೆಯೂ ತೋಟ ಎಂದಿದ್ದರೆ ಸ್ವಂತ ಹೊಲದ ಹರಿವು ಸಾಲುವುದಿಲ್ಲ. ಮೇಲಿನ ಗುಡ್ಡದ್ದೋ ಬೀಳು ಭೂಮಿಯದ್ದೋ ನೀರು ನಿಮ್ಮ ಕಡೆ ಹರಿಯುತ್ತದೆಯೇ ನೋಡಬೇಕು. ಗುಂಡಿ ತೋಡಿದ್ದೇ ನೆಪವಾಗಿ ಇನ್ನೊಂದೆಕರೆ ಅಡಿಕೆ ಹಾಕುವವರಿಗೆ ಈ ವಿಧಾನದಿಂದ ಏನೂ ದಕ್ಕುವುದಿಲ್ಲ.

ಬೋರು ಕುಡಿಯುತ್ತದೆಯೇ?

ಒಂದು ಟ್ಯಾಂಕರ್ ನೀರು ಬೋರಿಗೆ ಬಿಟ್ಟು, "ಎಲ್ಲಾ ಕುಡಿದುಬಿಡ್ತು, ಒಳ್ಳೇ ಬೋರು" ಎನ್ನುವುದು ರೂಢಿ. ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಸುಮಾರು 6.5 ಲೀಟರ್ ಹಿಡಿಯುತ್ತದೆ. 800 ಅಡಿಯ ಖಾಲಿ ಬೋರು ಒಂದು ಹನಿಯೂ ಬಿರುಕಿಗೆ ಹೋಗದೆ 5,200 ಲೀಟರ್ ನುಂಗಬಲ್ಲದು. ಮೊದಲ ಟ್ಯಾಂಕರ್ ಹೊಟ್ಟೆ ತುಂಬಿಸಲಿಕ್ಕೆ, ಲೆಕ್ಕಕ್ಕೆ ಬರುವುದು ಎರಡನೆಯದು. ನೀರು ಕೇಸಿಂಗ್ (ಮೇಲಿನ ಸಡಿಲ ಮಣ್ಣು ಕುಸಿಯದಂತೆ ಬೋರಿಗೆ ಇಳಿಸಿದ ಪೈಪು) ಬಾಯಿಯ ಹತ್ತಿರ ನಿಲ್ಲುವವರೆಗೆ ತುಂಬಿಸಿ. ಆಮೇಲೆ ಅದೇ ಮಟ್ಟ ಕಾಯ್ದುಕೊಳ್ಳುವಂತೆ ಸಣ್ಣಗೆ ಬಿಡುತ್ತ ಗಂಟೆಗೆ ಎಷ್ಟು ಹೋಯಿತೆಂದು ನೋಡಿ. 5,000 ಲೀಟರ್ ಹೋದರೆ ಧೈರ್ಯವಾಗಿ ಕೆಲಸ ಹಿಡಿಯಬಹುದು. ಗಂಟೆಗೆ ಸಾವಿರ ಲೀಟರ್ ಕೂಡ ಕುಡಿಯದಿದ್ದರೆ ಆ ಬೋರನ್ನು ಬಿಟ್ಟು, ಅದೇ ದುಡ್ಡಿನಲ್ಲಿ ಬದು ಮತ್ತು ಕೃಷಿ ಹೊಂಡ ಮಾಡಿಸುವುದು ಮೇಲು. ಪರೀಕ್ಷೆಗೆ ತಿಳಿ ನೀರನ್ನೇ ಬಳಸಿ, ಕೆರೆಯ ರಾಡಿ ನೀರು ತಂದು ಸುರಿಯಬೇಡಿ.

ಒಂದು ಕಾಲದಲ್ಲಿ ಎರಡಿಂಚು ನೀರು ಕೊಟ್ಟು ಬತ್ತಿದ ಬೋರು ಸಾಮಾನ್ಯವಾಗಿ ಚೆನ್ನಾಗಿ ಕುಡಿಯುತ್ತದೆ, ಬಿರುಕುಗಳು ಅಲ್ಲಿವೆ ಎಂದು ಆಗಲೇ ಸಾಬೀತಾಗಿದೆ. ಕೊರೆದಾಗಲೇ ಬರೀ ಧೂಳು ಬಂದಿದ್ದ ಬೋರಿನಲ್ಲಿ ಆ ನಿರೀಕ್ಷೆ ಕಡಿಮೆ.

ಗುಂಡಿ

ಬೋರು ಕೊರೆಸಿದ ಬಿಲ್ಲು ಹುಡುಕಿ. ಕೇಸಿಂಗಿಗೆ ಅಡಿ ಲೆಕ್ಕದಲ್ಲಿ ದುಡ್ಡು ಹಿಡಿದಿರುತ್ತಾರೆ, ಎಷ್ಟು ಅಡಿ ಇಳಿದಿದೆ ಎನ್ನುವುದು ಅದರಲ್ಲಿ ಸಿಗುತ್ತದೆ. ಗುಂಡಿಯ ತಳದಿಂದ ಕೆಳಗೆ ಕನಿಷ್ಠ 10 ಅಡಿ ಕೇಸಿಂಗ್ ಮಣ್ಣಿನಲ್ಲೇ ಹುಗಿದಿರಬೇಕು. 20 ಅಡಿಗಿಂತ ಕಡಿಮೆ ಕೇಸಿಂಗ್ ಇರುವ ಬೋರಿನಲ್ಲಿ 10 ಅಡಿ ಆಳ ತೋಡಿದರೆ ಪೈಪು ವಾಲಬಹುದು, ಬಂಡೆಯ ಮೇಲೆ ಕೂತ ಅದರ ಬುಡ ಕದಲಿ ಸುತ್ತಲಿನ ಮಣ್ಣು ಬೋರಿನೊಳಕ್ಕೆ ಜಾರಬಹುದು.

ಚಾಲ್ತಿಯ ಬೋರಾದರೆ ಮೋಟರ್ ಎತ್ತಿಸಿಯೇ ಕೆಲಸ ಶುರುಮಾಡಿ. ಒಂದೂವರೆ ಇಂಚಿನ ಜಿ.ಐ. ಪೈಪು 700 ಅಡಿ, ಒಳಗಿನ ನೀರು, ಮೋಟರ್ ಸೇರಿದರೆ ತೂಕ ಒಂದು ಟನ್ ದಾಟುತ್ತದೆ. ಅಷ್ಟೂ ಭಾರ ಕ್ಲಾಂಪಿನ ಮೂಲಕ ಕೇಸಿಂಗ್ ಮೇಲಿರುವಾಗ ಸುತ್ತಲ ಮಣ್ಣು ತೆಗೆಯುವುದು ಅಪಾಯ. ಮೋಟರ್ ಎತ್ತಿಸಿದ್ದರೆ ಕೇಸಿಂಗಿಗೆ ರಂಧ್ರ ಕೊರೆಯುವಾಗ ಡ್ರಿಲ್ ಮೊನೆ ಕೇಬಲ್ಲಿಗೆ ತಾಗುವ ಭಯವೂ ಇರುವುದಿಲ್ಲ.

ಅಳತೆ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳ. ಕೇಸಿಂಗ್ ಸುತ್ತಲಿನ ಎರಡು ಅಡಿಯನ್ನು ಜೆಸಿಬಿಗೆ ಬಿಡದೆ ಹಾರೆ, ಗುದ್ದಲಿಯಿಂದ ಬಿಡಿಸಿ. ಬಕೆಟ್ ಒಮ್ಮೆ ತಗುಲಿ ಪೈಪು ನಗ್ಗಿದರೆ ಮತ್ತೆ ಮೋಟರ್ ಇಳಿಯುವುದಿಲ್ಲ. ಮಣ್ಣು ಸಡಿಲವಿದ್ದರೆ ಗುಂಡಿಯ ಬಾಯಿಯನ್ನು ಅಗಲ ಮಾಡಿ ಗೋಡೆಗೆ ಇಳಿಜಾರು ಕೊಡಿ. ಯಂತ್ರ ಅಂಚಿನಲ್ಲಿರುವಾಗ ಒಳಗೆ ಯಾರೂ ಇರಬಾರದು. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ, ಅಂಚಿನಿಂದ ಐದಡಿ ದೂರಕ್ಕೆ ಹಾಕಿಸಿ. ಮೇಲ್ಬದಿಗೆ ಹಾಕಿದರೆ ಮೊದಲ ಮಳೆಗೇ ವಾಪಸ್ಸು ಬರುತ್ತದೆ.

ಈಗ ರಂಧ್ರ. ತಳದಿಂದ ಒಂದು ಅಡಿ ಬಿಟ್ಟು, ಅದರ ಮೇಲೆ 4 ಅಡಿ ಎತ್ತರಕ್ಕೆ, 10 ಮಿ.ಮೀ. ಡ್ರಿಲ್ಲಿನಿಂದ ಎರಡೆರಡು ಇಂಚಿಗೊಂದು ಕೊರೆಯಿರಿ. ಏಳಿಂಚಿನ ಕೇಸಿಂಗಿನಲ್ಲಿ ಸುತ್ತಳತೆಗೆ 11ರಂತೆ ಸುಮಾರು 260 ರಂಧ್ರ ಕೂರುತ್ತವೆ. ಅಷ್ಟೂ ರಂಧ್ರಗಳ ಒಟ್ಟು ಬಾಯಿ ಹೆಚ್ಚುಕಡಿಮೆ ಬೋರಿನ ಬಾಯಿಯಷ್ಟೇ ಆಗುತ್ತದೆ, ಆದ್ದರಿಂದ ಇದಕ್ಕಿಂತ ಹೆಚ್ಚು ಕೊರೆದು ಪೈಪಿನ ಬಲ ಕಳೆಯುವುದರಿಂದ ಲಾಭವಿಲ್ಲ. ಒಂದು ಸಾಲಿನ ರಂಧ್ರದ ನೇರಕ್ಕೆ ಮುಂದಿನ ಸಾಲಿನದು ಬಾರದಂತೆ ಸರಿಸಿ ಕೊರೆಯಬೇಕು. ಪಿವಿಸಿ ಕೇಸಿಂಗಾದರೆ ಡ್ರಿಲ್ ನಿಧಾನಕ್ಕೆ ಓಡಿಸಿ, ಜೋರು ಮಾಡಿದರೆ ಸೀಳುತ್ತದೆ. ಆಮೇಲೆ ನೈಲಾನ್ ಸೊಳ್ಳೆ ಪರದೆಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ ನೈಲಾನ್ ದಾರದಿಂದಲೇ ಕಟ್ಟಿ. ಕಬ್ಬಿಣದ ತಂತಿ ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಕಡಿಯುತ್ತದೆ, ಜಾಲರಿ ಸಡಿಲಾಗಿ ಮರಳು ನೇರ ಬೋರಿಗೆ ಇಳಿಯುತ್ತದೆ. ಹಾಗೆ ಇಳಿದ ಮರಳನ್ನು ತೆಗೆಸುವುದೆಂದರೆ ಮತ್ತೆ ರಿಗ್ ಗಾಡಿ ಕರೆಸಿ ಫ್ಲಶಿಂಗ್ ಮಾಡಿಸಿದಂತೆ.

ತುಂಬುವಾಗ ದಪ್ಪನೆಯದು ಕೆಳಗೆ, ಸಣ್ಣದು ಮೇಲೆ. ತಳದಲ್ಲಿ 4 ಅಡಿ, ಆರರಿಂದ ಒಂಬತ್ತು ಇಂಚಿನ ಕಲ್ಲು. ಕೇಸಿಂಗ್ ಸುತ್ತ ಕೈಯಲ್ಲೇ ಜೋಡಿಸಿ, ಟ್ರೇಲರ್‌ನಿಂದ ಉರುಳಿಸಿದರೆ ಜಾಲರಿ ಹರಿಯುತ್ತದೆ. ಅದರ ಮೇಲೆ 40 ಮಿ.ಮೀ. ಜೆಲ್ಲಿ 2 ಅಡಿ, 20 ಮಿ.ಮೀ. ಜೆಲ್ಲಿ ಒಂದೂವರೆ ಅಡಿ. ಅಲ್ಲಿಗೆ ಪೂರ್ತಿ ಗುಂಡಿಯಗಲಕ್ಕೆ ನೈಲಾನ್ ಜಾಲರಿ ಹಾಸಿ, ಮೇಲೆ ಒಂದು ಅಡಿ ದಪ್ಪ ಮರಳು. ಉಳಿದ ಒಂದೂವರೆ ಅಡಿ ನೀರು ನಿಲ್ಲಲು ಖಾಲಿ ಬಿಡಿ. ಘನ ಅಡಿಯಲ್ಲಿ ಹೇಳುವುದಾದರೆ ಕಲ್ಲು 400, ದೊಡ್ಡ ಜೆಲ್ಲಿ 200, ಸಣ್ಣ ಜೆಲ್ಲಿ 150, ಮರಳು 100. ಗೋಡೆಗೆ ಇಳಿಜಾರು ಕೊಟ್ಟಿದ್ದರೆ ಇನ್ನಷ್ಟು ಬೇಕಾದೀತು. ಕ್ರಷರಿನಿಂದ ಬಂದ ಜೆಲ್ಲಿಯನ್ನು ತೊಳೆದೇ ಹಾಕಬೇಕು, ಅದಕ್ಕಂಟಿದ ಪುಡಿ ಕೆಳಗಿಳಿದು ಜಾಲರಿಯ ಕಣ್ಣು ಮುಚ್ಚುತ್ತದೆ. ನದಿ ಮರಳು ಸಿಗದಿದ್ದರೆ ತೊಳೆದ ಎಂ-ಸ್ಯಾಂಡ್ ಆದೀತು. ಗಿಲಾವಿನ ನುಣುಪು ಮರಳು ಬೇಡ. ಇದ್ದಿಲು ಹಾಕಬೇಕೆಂದು ಕೆಲವರು ಹೇಳುತ್ತಾರೆ. ಹೊಲದ ನೀರಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಹೂಳು

ಮರುಪೂರಣವನ್ನು ಕೆಡಿಸುವುದು ಹೆಚ್ಚಾಗಿ ಇದೇ. ಒಂದು ಗಂಟೆಯಲ್ಲಿ 25 ಮಿ.ಮೀ. ಮಳೆ ಸುರಿದರೆ ಮೂರೆಕರೆಯಿಂದ ಸುಮಾರು 60,000 ಲೀಟರ್ ನುಗ್ಗಿ ಬರುತ್ತದೆ. ಮೇಲಿನ ಅಳತೆಯ ಗುಂಡಿ ಕಲ್ಲಿನ ಸಂದಿ ಸೇರಿ ಹಿಡಿಯುವುದು 12–13 ಸಾವಿರ ಲೀಟರ್. ಬೋರು ಕುಡಿಯುವುದು ಗಂಟೆಗೆ ಐದು ಸಾವಿರ. ಮಿಕ್ಕದ್ದೆಲ್ಲ ಕೋಡಿ ಹರಿದು ಹೋಗುತ್ತದೆ, ಜೊತೆಗೆ ತಂದ ಮಣ್ಣನ್ನು ಮಾತ್ರ ಗುಂಡಿಯಲ್ಲಿ ಬಿಟ್ಟು ಹೋಗುತ್ತದೆ. ಗುಂಡಿ ಬೋರಿನ ಗಂಟಲಿದ್ದಂತೆ, ಸಂಗ್ರಹಕ್ಕೆ ಬೇರೆಯದೇ ಹೊಟ್ಟೆ ಬೇಕು. ಆದ್ದರಿಂದ ಮೇಲ್ಬದಿಗೆ ಒಂದು ಕೃಷಿ ಹೊಂಡ: ಬಾಯಿ 10 ಮೀಟರ್ ಉದ್ದಗಲ, ಆಳ 3 ಮೀಟರ್, ಬದಿಗೆ 1:1 ಇಳಿಜಾರು. ಒಂದೂವರೆ ಲಕ್ಷ ಲೀಟರ್ ಹಿಡಿಯುತ್ತದೆ, ಅಂಥ ಎರಡು ಮಳೆಗೆ ಸಾಕು. ಹೊಂಡದಿಂದ ಗುಂಡಿಗೆ ನಾಲ್ಕಿಂಚಿನ ಪಿವಿಸಿ ಪೈಪು, ಅದಕ್ಕೊಂದು ವಾಲ್ವ್. ಪೈಪಿನ ಬಾಯಿ ಹೊಂಡದ ತಳದಲ್ಲಿರಬಾರದು. ಮೆತು ಪೈಪಿನ ತುದಿಗೆ ಖಾಲಿ ಕ್ಯಾನು ಕಟ್ಟಿ ತೇಲಿಬಿಟ್ಟರೆ ಯಾವಾಗಲೂ ಮೇಲಿನ ತಿಳಿ ನೀರೇ ಹೋಗುತ್ತದೆ. ಬಾಯಿಗೆ ಜಾಲರಿ ಮರೆಯಬೇಡಿ, ಕಪ್ಪೆ ಮತ್ತು ಎಲೆ ಎರಡೂ ಹೋಗುತ್ತವೆ.

ಎಷ್ಟು ಹೊತ್ತು ಕಾದು ವಾಲ್ವ್ ತೆರೆಯಬೇಕು ಎನ್ನುವುದು ಮಣ್ಣನ್ನು ಅವಲಂಬಿಸಿದೆ. ಕೆಂಪು ಮಸಾರಿಯ ಮರಳು ಮಿಶ್ರಿತ ಹೂಳು ಒಂದು ಮೀಟರ್ ಇಳಿಯಲು ಸುಮಾರು ಮುಕ್ಕಾಲು ಗಂಟೆ ಸಾಕು. ಎರೆ ಮಣ್ಣಿನ ಜಿಗುಟು ಕಣ ಅಷ್ಟೇ ದೂರ ಇಳಿಯಲು ಮೂರು ದಿನ ಬೇಕು. ಎರೆಹೊಲದವರು ಮಳೆ ಬರುವಾಗಲೇ ನೀರು ಬಿಟ್ಟರೆ ಮರಳಿನ ಮೇಲೆ ಅಂಟಿನ ಪದರ ಕಟ್ಟಿ, ಒಂದೇ ಮಳೆಗಾಲಕ್ಕೆ ಗುಂಡಿ ಮುಚ್ಚಿಹೋಗುತ್ತದೆ. ಅಂಥ ಕಡೆ ಬದುವಿನುದ್ದಕ್ಕೆ ಲಾವಂಚ ನೆಟ್ಟು ಮಣ್ಣನ್ನು ಹೊಲದಲ್ಲೇ ತಡೆಯಿರಿ, ಹೊಂಡದಲ್ಲಿ ಮೂರು ದಿನ ನಿಲ್ಲಿಸಿಯೇ ಬಿಡಿ. ಅಷ್ಟು ಕಾಯಲಾಗದು ಎಂದರೆ ಬೋರಿಗೆ ಬಿಡುವ ಆಸೆಯನ್ನೇ ಬಿಡಿ.

ಮುಂಗಾರಿನ ಮೊದಲ ಎರಡು ಮಳೆಯ ನೀರನ್ನು ಹಳ್ಳಕ್ಕೆ ತಿರುಗಿಸಿ. ಉತ್ತ ಹೊಲದ ಸಡಿಲ ಮಣ್ಣು, ಗೊಬ್ಬರ, ಔಷಧಿ ಎಲ್ಲ ಅದರಲ್ಲೇ ಬರುತ್ತದೆ. ಬೇಸಿಗೆಯಲ್ಲಿ ಕೆಲಸ ಮುಗಿಸಿಟ್ಟುಕೊಂಡರೆ ನಮ್ಮ ಕಡೆ ನಿಜವಾದ ಹರಿವು ಸಿಗುವುದು ಉತ್ತರೆ, ಹಸ್ತ, ಚಿತ್ತೆ ಮಳೆಯಲ್ಲಿ (ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ). ಆ ಹೊತ್ತಿಗೆ ಪೈರು ನೆಲ ಮುಚ್ಚಿರುವುದರಿಂದ ನೀರೂ ತಿಳಿಯಾಗಿರುತ್ತದೆ.

ಪ್ರತಿ ಬೇಸಿಗೆಯಲ್ಲೂ ಮೇಲಿನ ಮರಳನ್ನು ಜಾಲರಿ ಕಾಣುವವರೆಗೆ ತೆಗೆದು ತೊಳೆದು ಹಾಕಬೇಕು. ಇಬ್ಬರಿಗೆ ಒಂದು ದಿನದ ಕೂಲಿ. ನೀರು ನಿಂತ ಗುಂಡಿ ಎರಡು ದಿನವಾದರೂ ಖಾಲಿಯಾಗದಿದ್ದರೆ ಮಳೆಗಾಲದ ನಡುವೆಯೇ ಈ ಕೆಲಸ ಮಾಡಿ, ಮುಂದಿನ ವರ್ಷಕ್ಕೆ ತಳ್ಳಬೇಡಿ. ಕೇಸಿಂಗ್ ಬಾಯಿಗೆ ಭದ್ರವಾದ ಮುಚ್ಚಳ ಇರಲೇಬೇಕು, ಮಕ್ಕಳು ಓಡಾಡುವ ಜಾಗ. ಆದರೆ ಮುಚ್ಚಳದಲ್ಲಿ ಅರ್ಧ ಇಂಚಿನ ಗಾಳಿ ಕೊಳವೆ ಬಿಡಿ, ನೀರು ಇಳಿಯುವಾಗ ಒಳಗಿನ ಗಾಳಿ ಹೊರಬರಬೇಕು.

ಉಪಯೋಗವಾಯಿತೇ ಎಂದು ತಿಳಿಯಲು ದಾರಕ್ಕೆ ತೂಕ ಕಟ್ಟಿ ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆದು ಬರೆದಿಡಿ, ಸಾಧ್ಯವಾದರೆ ಗುಂಡಿ ಇಲ್ಲದ ಪಕ್ಕದ ಬೋರಿನದೂ. ಹಿರಿಯೂರಿನ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಅಂಥ ವರ್ಷ ಏನೂ ಮಾಡದ ಬೋರಿನಲ್ಲೂ ನೀರು ಮೇಲೇರುತ್ತದೆ, ಅದನ್ನು ಗುಂಡಿಯ ಲೆಕ್ಕಕ್ಕೆ ಬರೆದುಕೊಂಡರೆ ಮೋಸ ಹೋಗುತ್ತೀರಿ. ಇಳಿಸಿದ ನೀರು ಬಿರುಕು ಹಿಡಿದು ಪಕ್ಕದ ಸರ್ವೆ ನಂಬರಿನ ಬೋರಿನಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಅಕ್ಕಪಕ್ಕದ ನಾಲ್ವರು ಒಟ್ಟಾಗಿ ಮಾಡಿದರೆ ಆ ತಕರಾರೇ ಇರುವುದಿಲ್ಲ.

ಕುಡಿಯುವ ನೀರಿನ ಬೋರಿಗೆ ಹೊಲದ ನೀರು ಬಿಡಲೇಬಾರದು. ಅದಕ್ಕೆ ಚಾವಣಿಯ ನೀರು ಮಾತ್ರ: ಸಾವಿರ ಚದರಡಿ ತಾರಸಿಯಿಂದ 1 ಮಿ.ಮೀ. ಮಳೆಗೆ ಸುಮಾರು 80 ಲೀಟರ್ ಸಿಗುತ್ತದೆ. ಕೊಟ್ಟಿಗೆ, ತಿಪ್ಪೆ, ಶೌಚದ ಗುಂಡಿಯಿಂದ ನೂರಡಿ ದೂರವಿಲ್ಲದ ಬೋರನ್ನೂ ಮುಟ್ಟಬೇಡಿ. ಅದಿರು ಲಾರಿ ಓಡಾಡುವ ರಸ್ತೆಯ ನೀರನ್ನೂ ತಿರುಗಿಸಬೇಡಿ. ನಮ್ಮ ಸೀಮೆಯ ಫ್ಲೋರೈಡ್ ಬಂಡೆಯಿಂದಲೇ ಕರಗಿ ಬರುವಂಥದ್ದು. ಮಳೆನೀರು ಸೇರಿದರೆ ಅದರ ಸಾಂದ್ರತೆ ಇಳಿಯಬಹುದು, ಆದರೆ ಮಳೆಗಾಲದಲ್ಲಿ ಇಳಿದದ್ದು ಏಪ್ರಿಲ್ ಹೊತ್ತಿಗೆ ಮತ್ತೆ ಏರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಾಗಲೂ 1.5 ದಾಟುವಂತಿಲ್ಲ, ನೈಟ್ರೇಟಿಗೆ ಮಿತಿ 45. ಆದ್ದರಿಂದ ಕೆಲಸಕ್ಕೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೀರು ಪರೀಕ್ಷೆ ಮಾಡಿಸಿ, ಮೂರೂ ಚೀಟಿಯನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆಯೇ ಆ ಬೋರಿನ ನೀರು ಕುಡಿಯಬೇಕೋ ಬೇಡವೋ ತೀರ್ಮಾನಿಸಿ.