ಕಪ್ಪು-ಬಿಳುಪು ಫಿಲ್ಮ್‌ಗೆ ದ್ರವ ಡೆವಲಪರ್: ಯಾವುದು ತಗೊಳ್ಳಬೇಕು, ಹೇಗೆ ಬಳಸಬೇಕು

ತಿಂಗಳಿಗೆ ಒಂದೋ ಎರಡೋ ರೋಲ್ ತೊಳೆಯುವವರಿಗೆ ಪುಡಿ ಡೆವಲಪರ್ (ಫಿಲ್ಮ್ ಮೇಲೆ ಚಿತ್ರ ಮೂಡಿಸುವ ರಾಸಾಯನಿಕ) ಬೇಡ. ಡಿ-76 ಎಂಬ ಪುಡಿ ಒಳ್ಳೆಯದೇ, ಆದರೆ ಕಲಸಿಟ್ಟ ಲೀಟರ್ ಕೆಲವು ತಿಂಗಳಲ್ಲಿ ಖಾಲಿಯಾಗದಿದ್ದರೆ ಕೆಟ್ಟುಹೋಗುತ್ತದೆ. ದ್ರವವಾದರೆ ಬೇಕಾದಷ್ಟು ತೆಗೆದು ನೀರಿಗೆ ಬೆರೆಸಿ, ಒಂದು ಸಲ ಬಳಸಿ ಚೆಲ್ಲಬಹುದು. ಪ್ರತಿ ರೋಲ್‌ಗೂ ಹೊಸದು.

ಅಂಗಡಿಯಲ್ಲಿ ಎಲ್ಲರೂ ಬೆಲೆ ನೋಡುತ್ತಾರೆ, ಆದರೆ ನೋಡಬೇಕಾದ್ದು ಬಾಟಲಿ ಮುಚ್ಚಳ ತೆಗೆದ ಮೇಲೆ ಅದು ಎಷ್ಟು ಕಾಲ ಬಾಳುತ್ತದೆ ಅನ್ನೋದು. ಇಲ್ಫೋಸಾಲ್ 3 ಎಂಬ ದ್ರವ ಡೆವಲಪರ್ ಕೆಲವೇ ತಿಂಗಳು. ರೋಡಿನಾಲ್ ವರ್ಷಗಟ್ಟಲೆ, 1891ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಆದ ಇದು ಕಡು ಕಂದು ಬಣ್ಣಕ್ಕೆ ತಿರುಗಿದರೂ ಕೆಲಸ ಮಾಡುತ್ತದೆ. ಅದರ ಗ್ರೇನ್, ಅಂದರೆ ಚಿತ್ರದಲ್ಲಿನ ಕಾಳು ಕಾಳು, ಮಾತ್ರ ಎದ್ದು ಕಾಣುತ್ತದೆ. ಎಫ್‌ಪಿ4 ಥರದ ನಿಧಾನದ (ಹೆಚ್ಚು ಬೆಳಕು ಬೇಡುವ) ಫಿಲ್ಮ್‌ಗೆ ಅದು ಚೆಂದವೇ, ಅಂಚುಗಳು ಚೂಪಾಗಿ ಬರುತ್ತವೆ. 400 ಐಎಸ್‌ಒ ವೇಗದ ಫಿಲ್ಮನ್ನು 1600ಕ್ಕೆ ಪುಶ್ ಮಾಡುವವರು (1600 ಎಂದು ಲೆಕ್ಕ ಹಿಡಿದು ಕಡಿಮೆ ಬೆಳಕಿನಲ್ಲಿ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡುವವರು) ರೋಡಿನಾಲ್ ಬಿಟ್ಟು ಡಿಡಿ-ಎಕ್ಸ್ ಎಂಬ ದ್ರವ ಡೆವಲಪರ್ ತಗೊಳ್ಳಿ. ಅದು 1+4, ಅಂದರೆ ಒಂದು ಪಾಲು ಡೆವಲಪರ್‌ಗೆ ನಾಲ್ಕು ಪಾಲು ನೀರು, ಹಾಗಾಗಿ ಬಾಟಲಿ ಬೇಗ ಮುಗಿಯುತ್ತದೆ. ಮೊದಲ ಬಾಟಲಿಗೆ ನನ್ನ ಆಯ್ಕೆ ರೋಡಿನಾಲೇ.

ಈಗ ಅಳತೆ. ಒಂದು 35 ಎಂಎಂ ರೋಲ್‌ಗೆ ಪ್ಯಾಟರ್ಸನ್ ಟ್ಯಾಂಕಿನಲ್ಲಿ (ಬೆಳಕು ನುಗ್ಗದ ಡೆವಲಪಿಂಗ್ ಡಬ್ಬಿ) 290 ಮಿ.ಲೀ. ಬೆರೆಸಿದ ಡೆವಲಪರ್ ಬೇಕು. 1+50 ಮಾಡುವುದಾದರೆ 300 ಮಿ.ಲೀ. ನೀರಿಗೆ 6 ಮಿ.ಲೀ. ರೋಡಿನಾಲ್. ಇಷ್ಟು ಸಣ್ಣ ಅಳತೆಗೆ ದೊಡ್ಡ ಜಾರ್ ನಂಬಬೇಡಿ, ಮೆಡಿಕಲ್ ಶಾಪಿನಲ್ಲಿ 10 ಮಿ.ಲೀ. ಸಿರಿಂಜ್ ತಗೊಂಡು ಸೂಜಿ ತೆಗೆದಿಡಿ. ಎಳೆದ ಮೇಲೆ ಸಿರಿಂಜನ್ನು ಮೇಲ್ಮುಖ ಮಾಡಿ ಬೆರಳಿನಿಂದ ತಟ್ಟಿ, ಗುಳ್ಳೆ ಹೊರಗೆ ಹೋದ ಮೇಲೆ ಗೆರೆ ನೋಡಿ, ಆಮೇಲೆ ನೀರಿಗೆ ಬಿಟ್ಟು ಅದೇ ನೀರನ್ನು ಎರಡು ಸಲ ಎಳೆದು ತಳ್ಳಿದರೆ ಒಳಗೆ ಅಂಟಿದ್ದೂ ಬಂದುಬಿಡುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಇದು ಚರ್ಮ ಸುಡುವಂಥ ಕ್ಷಾರ. ಅಡುಗೆ ಪಾತ್ರೆ, ಚಮಚ ಇದಕ್ಕೆ ಬಳಸಲೇಬೇಡಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಫಿಲ್ಟರ್ ನೀರು ಬಳಸಿ. ಡೆವಲಪ್ ಸಮಯದ ಪಟ್ಟಿಗಳೆಲ್ಲ 20 ಡಿಗ್ರಿಗೆ ಬರೆದಿರುತ್ತವೆ, ನಮ್ಮ ಬೇಸಿಗೆಯ ನಲ್ಲಿ ನೀರು ಎಲ್ಲಿ ಅಷ್ಟು ತಣ್ಣಗಿರುತ್ತದೆ? ಐಸ್ ಹಾಕಿದ ಬೇಸಿನ್‌ನಲ್ಲಿ ಜಾರ್ ಇಟ್ಟು 24ಕ್ಕಾದರೂ ಇಳಿಸಿ, ಸಮಯ ಕಡಿಮೆ ಮಾಡಿ. ಎಚ್‌ಪಿ5 ಫಿಲ್ಮನ್ನು 400 ವೇಗದಲ್ಲಿ ತೆಗೆದಿದ್ದರೆ 1+50ರಲ್ಲಿ 20 ಡಿಗ್ರಿಗೆ 11 ನಿಮಿಷ, 24ಕ್ಕೆ ಸುಮಾರು 8. ಐದು ನಿಮಿಷಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ನೀರು ಬೆರೆಸಿದ ಅಳತೆಗೆ ಹೋಗಿ, ಇಲ್ಲದಿದ್ದರೆ ಆಕಾಶದಲ್ಲೆಲ್ಲ ಪಟ್ಟೆ ಪಟ್ಟೆ ಬರಬಹುದು.

ಸುರಿದ ತಕ್ಷಣ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕ್ ಮಗುಚಿ, ಕೆಳಗೆ ಕುಟ್ಟಿ ಗುಳ್ಳೆ ಬಿಡಿಸಿ, ಮತ್ತೆ ಪ್ರತಿ ನಿಮಿಷದ ಶುರುವಿಗೂ ಅಷ್ಟೇ. ಸುಮ್ನೆ ಜೋರಾಗಿ ಅಲ್ಲಾಡಿಸಿದರೆ ಕಾಂಟ್ರಾಸ್ಟ್ ಜಾಸ್ತಿ ಆಗುತ್ತದೆ. ಆಮೇಲೆ ಸ್ಟಾಪ್ (ಡೆವಲಪ್ ಆಗುವುದನ್ನು ನಿಲ್ಲಿಸುವ ದ್ರಾವಣ), ಫಿಕ್ಸರ್ (ಚಿತ್ರ ಸ್ಥಿರಗೊಳಿಸುವ ದ್ರಾವಣ), ನೀರಿನಲ್ಲಿ ತೊಳೆಯುವುದು ಎಂದಿನಂತೆ.

ಹಳೆಯ ಬಾಟಲಿ ಮೇಲೆ ಅನುಮಾನವಿದ್ದರೆ ಫಿಲ್ಮ್‌ನ ಬೆಳಕು ಬಿದ್ದ ತುದಿಯ ಒಂದು ಚೂರನ್ನು ಬೆರೆಸಿದ ಡೆವಲಪರ್‌ಗೆ ಹಾಕಿ ನೋಡಿ. ಕೆಲವು ನಿಮಿಷದಲ್ಲಿ ಕಪ್ಪಗಾಗದಿದ್ದರೆ ರೋಲ್ ಹಾಕಲೇಬೇಡಿ. ತೊಳೆದಾದ ಮೇಲೆ ನೆಗೆಟಿವ್ ತೆಳುವಾಗಿದ್ದರೆ ಅಂಚಿನ ನಂಬರ್ ನೋಡಿ, ಅವು ಕಾರ್ಖಾನೆಯಲ್ಲೇ ಅಚ್ಚಾಗಿರುತ್ತವೆ. ನಂಬರ್ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾದರೆ ಕ್ಯಾಮೆರಾದಲ್ಲಿ ಬೆಳಕು ಸಾಲಲಿಲ್ಲ. ನಂಬರೂ ಮಸುಕಾಗಿದ್ದರೆ ಡೆವಲಪರ್, ಅಳತೆ, ಸಮಯ, ಈ ಮೂರನ್ನೇ ಪರೀಕ್ಷಿಸಿ.